ವರಗುಕೋಳಿ ಕಂಡ ಹೊಲ

ಕಡಯಂಪಟ್ಟಿಯ ಬಂಡೆಗುಡ್ಡದಲ್ಲಿ ಹಳದಿ ಗಂಟಲಿನ ಪಿಕಳಾರದ ಗೂಡನ್ನು ಮೊದಲು ಕಂಡವಳು ಗಂಗಾಲಕ್ಷ್ಮಿ. ಸೇಲಂನ ಗುಗೈಯಲ್ಲಿ ಪಟ್ಟು ವೇಷ್ಟಿ, ಅಂದರೆ ರೇಷ್ಮೆ ಪಂಚೆ ನೇಯುವ ಮನೆಯ ಹೆಂಗಸು. ವಾರದಲ್ಲಿ ಆರು ದಿನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ, ಏಳನೆಯ ದಿನ ಕುತ್ತಿಗೆಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಬಸ್ಸು ಹತ್ತಿಬಿಡುತ್ತಿದ್ದಳು. ಗಂಡ ಸತ್ತ ಮೇಲೆ ಹಿಡಿದ ಹುಚ್ಚು ಎಂದು ಬೀದಿಯವರು ಹೇಳುತ್ತಿದ್ದರು. ಅದು ಸುಳ್ಳೇನಲ್ಲ. ಮನೆಯೊಳಗೆ ಉಸಿರು ಕಟ್ಟಿದಂತಾಗಿ ಕೆರೆಯ ದಂಡೆಗೆ ಹೋಗಿ ಕೂತಿದ್ದ ಒಂದು ಭಾನುವಾರ, ಎದುರಿಗೆ ಮೀನು ಹಿಡಿಯುತ್ತಿದ್ದ ಹಕ್ಕಿಯ ಹೆಸರೇನೆಂದು ತಿಳಿಯಲೇಬೇಕೆಂಬ ಹಟ ಹುಟ್ಟಿತ್ತು. ಅಲ್ಲಿಂದ ಒಂಬತ್ತು ವರ್ಷ.

ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳ ಹಕ್ಕಿ ನೋಡುವವರದೊಂದು ವಾಟ್ಸಾಪ್ ಗುಂಪಿತ್ತು. ಯಾರು ಯಾವ ಕೆರೆಯಲ್ಲಿ ಏನು ಕಂಡರು, ಹೋದ ವರ್ಷ ಬಂದಿದ್ದ ಯಾವ ಹಕ್ಕಿ ಈ ವರ್ಷ ಬರಲಿಲ್ಲ, ಎಲ್ಲ ಅಲ್ಲಿಗೆ ಬರುತ್ತಿತ್ತು. ಅಪರೂಪದ ಹಕ್ಕಿಯಾದರೆ ಮೊರಪ್ಪೂರಿನ ನಾರಾಯಣಪ್ಪ ಒಪ್ಪಬೇಕು. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದ ಎಪ್ಪತ್ತು ದಾಟಿದ, ಕನ್ನಡ ಮನೆಮಾತಿನ ಮನುಷ್ಯ. "ನೋಡ್ದೆ ಅಂದ್ರೆ ಸಾಲ್ದು, ಎಂಗ್ ನೋಡ್ದೆ ಯೋಳು" ಎಂದು ಯಾರನ್ನೂ ಬಿಡದೆ ಪ್ರಶ್ನೆ ಹಾಕುತ್ತಿದ್ದರು. ಗಂಗಾಲಕ್ಷ್ಮಿಗೊಬ್ಬಳಿಗೆ ಹಾಕುತ್ತಿರಲಿಲ್ಲ. ಅವಳು ಬರೆದಳೆಂದರೆ ಹಕ್ಕಿ ಅಲ್ಲಿತ್ತು ಎಂದೇ ಲೆಕ್ಕ.

ಗುಂಪಿನ ಅಡ್ಮಿನ್ ಧನಶೇಖರ್. ಜವ್ವರಿಸಿ, ಅಂದರೆ ಸಬ್ಬಕ್ಕಿ ಫ್ಯಾಕ್ಟರಿಯ ಯಜಮಾನ, ನಲವತ್ತರ ಆಸುಪಾಸು. ಕೈಯಲ್ಲಿ ಮೊಳದುದ್ದದ ಲೆನ್ಸಿನ ಕ್ಯಾಮರಾ. ಅವನೂ ಅವಳಂತೆ ಮನೆಯಲ್ಲಿ ಕನ್ನಡ ಆಡುವವನೇ. ತಮಿಳಿನಲ್ಲೇ ನಡೆಯುವ ಗುಂಪಿನಲ್ಲಿ ಅವನು ಅವಳನ್ನು ಮಾತ್ರ "ಅಕ್ಕಾ" ಎಂದು ಕರೆದು ಕನ್ನಡದಲ್ಲಿ ಮಾತಾಡಿಸಿದರೆ ಅವಳಿಗೆ ಹಿತವಾಗುತ್ತಿತ್ತು. ಗೂಡಿನ ಜಾಗ ಹೇಳಿದ್ದೂ ಅದಕ್ಕೇ.

"ಒಂದೇ ಒಂದ್ ಸಲ ಅಕ್ಕಾ. ದೂರದಿಂದ್ಲೇ ಒಂದ್ ಫೋಟೋ ತಕ್ಕಂಡು ಬಂದ್ಬುಡ್ತೀನಿ. ಸತ್ಯಮಾ" ಎಂದಿದ್ದ.

ಅದು ಏಪ್ರಿಲ್ ತಿಂಗಳು. ಮುಂದಿನ ಭಾನುವಾರ ಅವಳು ಗುಡ್ಡ ಹತ್ತಿದಾಗ ಪೊದೆ ಗುರುತೇ ಸಿಗಲಿಲ್ಲ. ಬಿಸಿಲಿನ ಕಡೆಯ ಕೊಂಬೆಗಳನ್ನೆಲ್ಲ ಬುಡಕ್ಕೆ ಕತ್ತರಿಸಿ ಬಂಡೆಯ ಕೆಳಗೆ ಎಸೆದಿದ್ದರು. ಬಟ್ಟಲಿನಂಥ ಗೂಡು ಮಾತ್ರ ಬೋಳು ಕವಲಿನಲ್ಲಿ ಬಯಲಿಗೆ ಬಿದ್ದಂತೆ ಕೂತಿತ್ತು. ಒಳಗೆ ಎರಡು ಮರಿ, ಕೊಕ್ಕು ತೆರೆದುಕೊಂಡೇ ಒಣಗಿದ್ದವು. ಇರುವೆ ಸಾಲುಗಟ್ಟಿತ್ತು. ತಾಯಿಹಕ್ಕಿಯ ಸುಳಿವೇ ಇರಲಿಲ್ಲ.

ಅಲ್ಲೇ ಆಡು ಮೇಯಿಸುತ್ತಿದ್ದ ಮಾರಿಯಮ್ಮ ನಡೆದದ್ದನ್ನು ಹೇಳಿದಳು. ಮಂಗಳವಾರ ಕಾರಿನಲ್ಲಿ ಮೂವರು ಬಂದಿದ್ದರು. ಒಬ್ಬನ ಕೈಲಿ ಕುಡುಗೋಲು. ಇನ್ನೊಬ್ಬ ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಬಂಡೆ ಮೇಲಿಟ್ಟ. ಉದ್ದ ಕ್ಯಾಮರಾದವನು ಮಧ್ಯಾಹ್ನದವರೆಗೆ ಕದಲಲಿಲ್ಲ. "ಆ ಅಕ್ಕಿ ಬಾಯಲ್ಲಿ ಉಳ ಇಟ್ಕಂಡು ಸುತ್ತಾ ಅರಚ್ತಿತ್ತು ಕಣಕ್ಕಾ. ಅತ್ರ ಬರಾಕೇ ಅಂಜಿಕೆ ಅದ್ಕೆ."

ಗಂಗಾಲಕ್ಷ್ಮಿ ಇದನ್ನೆಲ್ಲ ಗುಂಪಿಗೆ ಬರೆದಳು. ಐದು ನಿಮಿಷದಲ್ಲಿ ಅಡ್ಮಿನ್ ಅದನ್ನು ಅಳಿಸಿದ. ಆಮೇಲೆ ಅವನದೇ ಫೋನು ಬಂತು.

"ಎನ್ನಕ್ಕಾ ಇದು, ಗ್ರೂಪಲ್ಲಿ ಇಂಗೆಲ್ಲ ಆಕ್ತಾರಾ? ನಾಲ್ಕ್ ಕೊಂಬೆ ಸರ್ಸಿದ್ದು ನಿಜ. ಮರಿಗಳ್ನ ನಾನಾ ಸಾಯ್ಸಿದ್ದು? ಬಿಸ್ಲು ಸಾಯ್ಸ್ತು."

"ನೆಳ್ಳು ಕಡ್ದೋನ್ ಯಾರು?"

"ವಿಡುಂಗಕ್ಕಾ, ಬುಟ್ಬುಡಿ. ಎರಡ್ ಅಕ್ಕಿಮರಿಗೆ ಇಷ್ಟೊಂದಾ?"

ಅವಳು ನಾರಾಯಣಪ್ಪನವರಿಗೆ ಫೋನು ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ಸಾಕ್ಷಿ ಐತಾ ತಾಯಿ?"

"ಮಾರಿಯಮ್ಮ ನೋಡವ್ಳೆ."

"ಆಡು ಮೇಯ್ಸೋಳ್ ಮಾತ್ಗೆ ಅವ್ನು ವಕೀಲನ್ನ ತತ್ತಾನೆ. ನಾನು ನಂಬ್ತೀನಿ. ನಾನೊಬ್ಬ ನಂಬಿದ್ರೆ ಏನಾಯ್ತದೆ?"

ವಾರ ಕಳೆಯುವುದರೊಳಗೆ ಫೋಟೋ ಗುಂಪಿಗೆ ಬಂತು. ಬಾಯಲ್ಲಿ ಹುಳ ಹಿಡಿದ ಪಿಕಳಾರ, ಕೆಳಗೆ ತೆರೆದ ಎರಡು ಕೊಕ್ಕು. 'ಈ ಗುಡ್ಡದಲ್ಲಿ ಮೊದಲ ಗೂಡಿನ ದಾಖಲೆ: ಧನಶೇಖರ್.' ನೂರಾರು ಚಪ್ಪಾಳೆಯ ಚಿತ್ರಗಳು. ಗಂಗಾಲಕ್ಷ್ಮಿ ಅವನ್ನು ಒಂದೊಂದಾಗಿ ನೋಡಿದಳು. ಚಪ್ಪಾಳೆ ತಟ್ಟಿದ ಪ್ರತಿಯೊಬ್ಬರ ಹೆಸರನ್ನೂ ಓದಿದಳು.

ಮತ್ತೆ ಆ ವಿಷಯ ಎತ್ತಲಿಲ್ಲ. ಲಾಳಿ ಆ ಕಡೆ ಹೋಗುವಾಗ ಒಂದು ಮರಿ, ಈ ಕಡೆ ಬರುವಾಗ ಇನ್ನೊಂದು ಮರಿ. ಏಳು ತಿಂಗಳು ಹಾಗೆಯೇ ನೇಯ್ದಳು. ಸಾಕ್ಷಿ ಇಲ್ಲ ಅಂತೀರಲ್ಲ, ಅವನ ಬಾಯಿಂದಲೇ ಸಾಕ್ಷಿ ಹೇಳಿಸುತ್ತೇನೆ ಎಂಬುದೊಂದೇ ಅವಳ ತಲೆಯಲ್ಲಿತ್ತು. ಸಿಟ್ಟು ಆರಲಿಲ್ಲ. ಆರಲು ಅವಳು ಬಿಡಲಿಲ್ಲ.

ನವೆಂಬರಿನಲ್ಲಿ ದಾರಿ ಕಂಡಿತು. ಎರಡು ಜಿಲ್ಲೆಗಳ ಹಕ್ಕಿಗಳ ಬಗ್ಗೆ ಗುಂಪಿನವರೇ ಒಂದು ಪುಸ್ತಕ ತರುವುದೆಂದು ತೀರ್ಮಾನವಾಗಿತ್ತು. ಯಾವ ಹಕ್ಕಿಯನ್ನು ಯಾರು ಮೊದಲು ಕಂಡರೋ ಅವರ ಹೆಸರು ಅದರ ಪುಟದಲ್ಲಿ. ಪಟ್ಟಿ ಮುಗಿಸಲು ಧರ್ಮಪುರಿಯಲ್ಲಿ ಒಂದು ಭಾನುವಾರ ಸಭೆ. ಅದರ ಹಿಂದಿನ ದಿನ ಧನಶೇಖರನಿಗೆ ಊಟಿಯಲ್ಲಿ ಬಹುಮಾನ ಕೊಡುವವರಿದ್ದರು. ಆ ಪಿಕಳಾರದ ಫೋಟೋಗೇ.

ಶುಕ್ರವಾರ ಸಂಜೆ ಅವನು ಊಟಿ ತಲುಪಿದ ಮೇಲೆ ಗಂಗಾಲಕ್ಷ್ಮಿ ಫೋನು ಮಾಡಿದಳು.

"ತಂಬಿ, ವರಗುಕೋಳಿ ನೋಡ್ದೆ ಇವತ್ತು."

ವರಗುಕೋಳಿ ಎಂದರೆ ಹಾರಕದ, ಸಾಮೆಯ ಹೊಲಗಳಲ್ಲಿ ಅಜ್ಜಂದಿರ ಕಾಲಕ್ಕೆ ಓಡಾಡುತ್ತಿದ್ದ, ಈಗ ದೇಶದಲ್ಲೇ ಬೆರಳೆಣಿಕೆಗೆ ಇಳಿದಿರುವ ಹಕ್ಕಿ. ಗುಂಪಿನಲ್ಲಿ ಯಾರೂ ಈ ಸೀಮೆಯಲ್ಲಿ ಅದನ್ನು ಕಂಡವರಿಲ್ಲ.

"ಎಲ್ಲಿ?" ಎಂದ ಥಟ್ಟನೆ.

"ಕಡಯಂಪಟ್ಟಿ. ಚೆಲ್ಲಮ್ಮನ ಸಾಮೆವೊಲ. ನೀವು ಬುರ್ಲೆ ಅಕ್ಕಿ ಫೋಟೋ ತಗ್ದಿದ್ರಲ್ಲ, ಅದೇ ವೊಲ. ಒಂದು ಎಣ್ಣು. ಬೆಳಿಗ್ಗೆ ಆರೂ ನಲವತ್ಕೆ. ಸಾಮೆಯೊಳಗಿಂದ ಪಡುವಲಕ್ಕೆ ಕಡ್ಲೆಕಾಯ್ ವೊಲಕ್ಕೆ ಓಯ್ತು."

"ಯಾರ್ಗಾದ್ರೂ ಯೋಳಿದ್ದೀರಾ?"

"ನನ್ ತಾವ ಕ್ಯಾಮರಾ ಐತಾ? ಯಾರ್ ನಂಬ್ತಾರೆ?"

"ಯೋಳ್ಬೇಡಿ. ಜನ ನುಗ್ಗಿ ಗಲಾಟೆ ಆಯ್ತದೆ. ನಾನು ಮಂಗಳವಾರ ಬತ್ತೀನಿ. ಇಬ್ರೂ ಓಗಿ ನೋಡಾಮ, ಇಬ್ರ ಎಸ್ರಲ್ಲೂ ಆಕಾಮ."

ಗಂಗಾಲಕ್ಷ್ಮಿ ಫೋನು ಇಟ್ಟಳು. ಒಂದು ಮಾತೂ ನಿಜವಲ್ಲ. ಅವಳು ಆ ದಿನವೆಲ್ಲ ಮಗ್ಗ ಬಿಟ್ಟು ಎದ್ದಿರಲಿಲ್ಲ. ಚೆಲ್ಲಮ್ಮನ ಹೊಲವೂ ಹೊಲವಾಗಿ ಉಳಿದಿರಲಿಲ್ಲ. ಮೇ ತಿಂಗಳಲ್ಲೇ ಮಾರಾಟವಾಗಿ ಮನೆ ಸೈಟುಗಳಾಗಿತ್ತು. ಏಪ್ರಿಲಿನಲ್ಲಿ ಗುಡ್ಡಕ್ಕೆ ಬಂದು ಹೋದ ಮೇಲೆ ಆ ಕಡೆ ತಲೆಹಾಕದ ಧನಶೇಖರನಿಗೆ ಅದು ಗೊತ್ತಿರಲಿಲ್ಲ.

ಬಾಗಿಲ ಬಳಿ ಮಗಳು ಶರಣ್ಯ ನಿಂತಿದ್ದಳು. ತಾಯಿ ಕನ್ನಡದಲ್ಲಿ ಮಾತಾಡಿಸಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ.

"ಅಮ್ಮಾ, ನೀ ಪೊಯ್ ಸೊನ್ನಿಯಾ?"

"ಹೂಂ. ಸುಳ್ಳೇ ಯೋಳ್ದೆ. ಅವ್ನು ಕದೀದಿದ್ರೆ ಏನೂ ಆಗಾಕಿಲ್ಲ. ಮಂಗಳವಾರ ಕಾಲಿಗೆ ಬಿದ್ದು ತಪ್ಪಾಯ್ತು ಅಂತೀನಿ. ಕದ್ರೆ ನೋಡು."

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅವನು ಕದ್ದ. 'ನವೆಂಬರ್ ಹದಿನೇಳು, ಬೆಳಗ್ಗೆ ಆರೂ ನಲವತ್ತು. ಕಡಯಂಪಟ್ಟಿ, ಚೆಲ್ಲಮ್ಮನ ಸಾಮೆ ಹೊಲ. ವರಗುಕೋಳಿ, ಒಂದು ಹೆಣ್ಣು. ಹಕ್ಕಿಯ ಸುರಕ್ಷತೆಗಾಗಿ ಇಷ್ಟು ದಿನ ಗುಟ್ಟಾಗಿಟ್ಟಿದ್ದೆ. ದಯವಿಟ್ಟು ಯಾರೂ ಅಲ್ಲಿಗೆ ಹೋಗಬೇಡಿ.' ಜೊತೆಗೊಂದು ಫೋಟೋ, ಸುತ್ತಲಿನದೆಲ್ಲ ಕತ್ತರಿಸಿ ಹಕ್ಕಿಯನ್ನಷ್ಟೇ ಉಳಿಸಿದ್ದು. ಎರಡು ವರ್ಷದ ಹಿಂದೆ ಅವನು, ಈ ಹಕ್ಕಿ ಇನ್ನೂ ಉಳಿದಿರುವ ರಾಜಸ್ಥಾನಕ್ಕೆ ಹೋಗಿ ಬಂದಿದ್ದ; ಅಲ್ಲಿ ತೆಗೆದದ್ದು. ಅವಳು ಹೇಳಿದ್ದ ಗಳಿಗೆಯನ್ನೂ ಬದಲಾಯಿಸದೆ, ತಾನೇ ಮೊದಲಿಗನಾಗುವಂತೆ ತಾರೀಖನ್ನು ಮಾತ್ರ ಹಿಂದಕ್ಕೆ ತಳ್ಳಿದ್ದ.

ಗಂಗಾಲಕ್ಷ್ಮಿ ಜೋರಾಗಿ ನಕ್ಕಳು. ಆ ನಗು ಕೇಳಿ ಪಕ್ಕದ ಮಗ್ಗದ ಸದ್ದು ಒಂದು ಕ್ಷಣ ನಿಂತಿತು.

ಭಾನುವಾರ ನಸುಕಿಗೇ ತಾಯಿಮಗಳು ಕಡಯಂಪಟ್ಟಿಗೆ ಹೋದರು. ಟಾರು ರಸ್ತೆ, ಸಾಲಾಗಿ ನೆಟ್ಟ ಹಳದಿ ಬಣ್ಣದ ಕಲ್ಲುಗಳು, ಗಾಳಿಗೆ ಪಟಪಟ ಅನ್ನುವ ಬಾವುಟಗಳು, ಮಾರಾಟದ ಬೋರ್ಡು. ಶರಣ್ಯ ಎಲ್ಲದರ ಫೋಟೋ ತೆಗೆದಳು. ಅಲ್ಲಿಂದ ಬಸ್ಸು ಹಿಡಿದು ಹನ್ನೊಂದು ಗಂಟೆಯೊಳಗೆ ಧರ್ಮಪುರಿ ಸೇರಿದರು.

ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಹಾಲ್. ನಲವತ್ತು ಜನ ಇದ್ದರು. ಮಂಗಳವಾರ ಬರುತ್ತೇನೆಂದಿದ್ದ ಧನಶೇಖರ್ ಮುಂದಿನ ಸಾಲಿನಲ್ಲೇ ಕೂತಿದ್ದ. ಅವಳನ್ನು ಕಂಡು ಮುಖ ಬೇರೆ ಕಡೆ ತಿರುಗಿಸಿದ. ಅವಳೇನು ಮಾಡಿಯಾಳು? ತಾನೇ ಮೊದಲು ನೋಡಿದ್ದು ಎಂದು ಅವಳು ಹೇಳಿದರೂ ಅವಳ ಕೈಲಿ ಫೋಟೋ ಇಲ್ಲ ಎಂಬ ಧೈರ್ಯ ಅವನಿಗೆ.

ನಾರಾಯಣಪ್ಪ ನೋಟ್‌ಬುಕ್ ತೆಗೆದರು. "ವರಗುಕೋಳಿ. ಧನಶೇಖರ್, ಯೋಳಪ್ಪ. ಎಷ್ಟೊತ್ತು ನೋಡ್ದೆ, ಎತ್ಲಾಗ್ ಓಯ್ತು?"

"ಇಪ್ಪತ್ತು ನಿಮ್ಷ ಸರ್. ಸಾಮೆ ಎದೆಮಟ್ಟ ಇತ್ತು. ಆಮೇಲೆ ಪಡುವಲ ಕಡೆ ಕಡ್ಲೆಕಾಯ್ ವೊಲಕ್ಕೆ ನಡ್ಕಂಡೋಯ್ತು."

ಗಂಗಾಲಕ್ಷ್ಮಿ ಎದ್ದು ನಿಂತಳು. ಮಗಳ ಫೋನನ್ನು ನಾರಾಯಣಪ್ಪನವರ ಮುಂದೆ ಇಟ್ಟಳು.

"ಅಯ್ಯಾ, ಇವತ್ತು ಬೆಳಿಗ್ಗೆ ತಗ್ದಿದ್ದು. ಇದೇ ಚೆಲ್ಲಮ್ಮನ ವೊಲ. ಆರು ತಿಂಗ್ಳಾಯ್ತು ಪ್ಲಾಟ್ ಆಕಿ. ಈ ಟಾರ್ ರೋಡಲ್ಲಿ ಎದೆಮಟ್ಟ ಸಾಮೆ ಎಲ್ಲಿ ಬೆಳ್ದಿತ್ತು ಕೇಳಿ."

ಫೋನು ಕೈಯಿಂದ ಕೈಗೆ ಹೋಯಿತು. ಧನಶೇಖರ್ ಅದನ್ನು ನೋಡಿದ, ಅವಳನ್ನು ನೋಡಿದ. ಮುಖದ ಬಣ್ಣ ಇಳಿಯಿತು. ದಡಕ್ಕನೆ ಎದ್ದು ಕೂಗಿದ:

"ನೀವೇ ತಾನೇ ಯೋಳಿದ್ದು! ಆರೂ ನಲವತ್ತು, ಸಾಮೆವೊಲ, ಕಡ್ಲೆಕಾಯ್... ಎಲ್ಲಾ ನೀವೇ ತಾನೇ ಫೋನಲ್ಲಿ ಯೋಳಿದ್ದು!"

ನಾರಾಯಣಪ್ಪ ನಿಧಾನವಾಗಿ ಕನ್ನಡಕ ತೆಗೆದರು.

"ಅಂಗಾರೆ ನೀನು ನೋಡ್ಲಿಲ್ಲ."

ಅವನು ಕ್ಯಾಮರಾ ಚೀಲದ ಪಟ್ಟಿಗೆ ಕೈ ಹಾಕಿದ.

"ಏಪ್ರಿಲಲ್ಲಿ ನನ್ ಗೂಡು ಕದ್ದ, ಮರಿಗಳ್ನ ಬಿಸ್ಲಿಗೆ ಆಕಿ ಕೊಂದ" ಎಂದಳು ಗಂಗಾಲಕ್ಷ್ಮಿ. ಸ್ವರ ಏರಿಸಲಿಲ್ಲ. "ಅವತ್ತು ಸಾಕ್ಷಿ ಕೇಳಿದ್ರಿ. ಇವ್ನು ಎಂಥೋನು ಅನ್ನಾಕೆ ಇವತ್ತು ಇವ್ನೇ ಸಾಕ್ಷಿ. ಅವತ್ತು ಚಪ್ಪಾಳೆ ತಟ್ಟಿದ್ರಲ್ಲ ಎಲ್ಲಾರೂ, ಈಗ ತಟ್ರಿ."

ಯಾರೂ ತಲೆ ಎತ್ತಲಿಲ್ಲ. ಧನಶೇಖರ್ ಕ್ಯಾಮರಾ ಚೀಲ ಎತ್ತಿಕೊಂಡು ಕುರ್ಚಿಗಳನ್ನು ತಳ್ಳುತ್ತಾ ಹೊರಗೆ ನಡೆದ. ಅವನು ಬಾಗಿಲು ದಾಟುವವರೆಗೂ ಅವಳು ಅವನ ಬೆನ್ನಿನಿಂದ ಕಣ್ಣು ಕೀಳಲಿಲ್ಲ. ಎದೆಯೊಳಗೆ ಏಳು ತಿಂಗಳಿಂದ ಬಿಗಿದಿದ್ದ ಎಳೆಯೊಂದು ಸಡಿಲವಾದಂತಾಯಿತು.

"ಗಂಗಾಲಕ್ಷ್ಮಿ," ನಾರಾಯಣಪ್ಪ ಕೇಳಿದರು, "ನೀನೂ ನೋಡ್ಲಿಲ್ಲ?"

"ಇಲ್ಲ ಅಯ್ಯಾ."

"ಸುಳ್ಳು ಯೋಳ್ದೆ."

"ಹೂಂ. ಬೇಕಂತ್ಲೇ ಯೋಳ್ದೆ."

ಅವರು ನೋಟ್‌ಬುಕ್ಕನ್ನು ಹಿಂದಿನ ಪುಟಗಳವರೆಗೆ ತಿರುವಿಹಾಕಿದರು.

ಅಂದೇ ಸಂಜೆ ಧನಶೇಖರನನ್ನು ಗುಂಪಿನಿಂದ ತೆಗೆದರು. ಪುಸ್ತಕದ ರಕ್ಷಾಪುಟಕ್ಕೆ ಆರಿಸಿದ್ದ ಅವನ ಪಿಕಳಾರದ ಫೋಟೋ ಹೋಯಿತು. ಯಾರೋ ಊಟಿಯವರಿಗೂ ಬರೆದರು. ಅವರು ಬಹುಮಾನ ವಾಪಸು ಪಡೆದರು. ಒಂದೊಂದು ಸುದ್ದಿ ಬಂದಾಗಲೂ ಗಂಗಾಲಕ್ಷ್ಮಿ ಅದನ್ನು ಎರಡೆರಡು ಸಲ ಓದಿದಳು.

ಹತ್ತು ದಿನದ ಮೇಲೆ ನಾರಾಯಣಪ್ಪನವರ ಫೋನು ಬಂತು. ಮಾತಿಗೆ ಶುರು ಸಿಗದೆ ಒದ್ದಾಡಿದರು.

"ಅವ್ನ್ ದಾಖಲೆ ಎಲ್ಲಾ ತಗ್ದಿದ್ದೀನಿ ತಾಯಿ. ನಿಂದೂ ತಗೀಬೇಕಾಯ್ತದೆ. ಒಂಬತ್ತು ವರ್ಷದ್ದೂ. ಒಂದ್ ಸಲ ಸುಳ್ಳು ಯೋಳಿದೋಳ ಅಕ್ಕಿನ ನಾನು ಎಂಗೆ ಒಳಗೆ ಬಿಡ್ಲಿ? ನಂಗೆ ಗೊತ್ತು ನಿಂದೆಲ್ಲ ನಿಜ ಅಂತ. ಆದ್ರೂ ಕಾನೂನು ಎಲ್ರಿಗೂ ಒಂದೇ ಅಲ್ವಾ?"

ಅವಳು ಇದನ್ನು ಎಣಿಸಿರಲಿಲ್ಲ. ಕೆರೆಗಳ ಕೆಸರಿನಲ್ಲಿ ನಿಂತ ಬೆಳಗುಗಳು, ಜ್ವರದಲ್ಲೂ ತಪ್ಪಿಸದ ಭಾನುವಾರಗಳು, ಮೊದಲ ದಿನ ಕಂಡ ಆ ಮೀನು ಹಿಡಿಯುವ ಹಕ್ಕಿ, ಎಲ್ಲ ಒಂದೇ ಮಾತಿಗೆ ಹೋಗುತ್ತಿದ್ದವು.

"ತಗೀರಿ ಅಯ್ಯಾ" ಎಂದಳು. "ಇನ್ನೊಂದ್ ಸಲ ಅಂಥೋನ್ ಸಿಕ್ರೂ ಇದೇ ಮಾಡ್ತೀನಿ. ಬರ್ಕಂಡ್ಬುಡಿ ಅದ್ನೂ."

ಡಿಸೆಂಬರಿನಲ್ಲಿ ಧನಶೇಖರ್ ಗುಗೈಯ ಮನೆಗೇ ಬಂದ. ಒಳಗೆ ಕರೆಯದಿದ್ದರೂ ಹೊಸ್ತಿಲ ಹೊರಗೆ ನಿಂತೇ ಮಾತಾಡಿದ.

"ಫ್ಯಾಕ್ಟ್ರೀಲಿ ಕೂಲಿಯೋರೂ ನಗ್ತಾರೆ ಅಕ್ಕಾ, ವರಗುಕೋಳಿ ಅಂತ. ನಿಮ್ದೂ ಎಲ್ಲಾ ಓಯ್ತಂತೆ. ಇದ್ರಿಂದ ಏನ್ ಸಿಕ್ತು ನಿಮ್ಗೆ?"

ಗಂಗಾಲಕ್ಷ್ಮಿ ಮಗ್ಗದಿಂದ ಏಳಲಿಲ್ಲ. "ಅಕ್ಕಾ ಅನ್ಬೇಡ" ಎಂದಳು. ಲಾಳಿ ಓಡಿತು. ಅವನು ಬೀದಿಗೆ ಇಳಿದು ಹೋದ.

ಮೇ ತಿಂಗಳಲ್ಲಿ ಪುಸ್ತಕ ಬಂತು. ಶರಣ್ಯ ಒಂದು ಪ್ರತಿ ತಂದುಕೊಟ್ಟಳು. ಗಂಗಾಲಕ್ಷ್ಮಿ ಊಟಕ್ಕೆ ಎದ್ದವಳು ತಟ್ಟೆ ಪಕ್ಕಕ್ಕಿಟ್ಟು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಹುಡುಕಿದಳು. ಮತ್ತೊಮ್ಮೆ ಹುಡುಕಿದಳು. ಫೋಟೋಗಳ ಕೆಳಗಿನ ಸಣ್ಣ ಅಕ್ಷರವನ್ನೂ ಬಿಡಲಿಲ್ಲ. ಧನಶೇಖರ್ ಎಂಬ ಹೆಸರು ಎಲ್ಲೂ ಇರಲಿಲ್ಲ.

"ಉನ್ ಪೇರು?" ಎಂದು ಮಗಳು ಕೇಳಿದಳು.

ತನ್ನ ಹೆಸರನ್ನು ಹುಡುಕಬೇಕೆಂದು ಗಂಗಾಲಕ್ಷ್ಮಿಗೆ ಹೊಳೆದೇ ಇರಲಿಲ್ಲ. "ಅದೂ ಇಲ್ಲ" ಎಂದು ಪುಸ್ತಕ ಮುಚ್ಚಿ ತಟ್ಟೆ ಮುಂದಕ್ಕೆಳೆದುಕೊಂಡಳು. ಆ ಮಧ್ಯಾಹ್ನ ಎರಡನೆಯ ಸಲವೂ ಅನ್ನ ಬಡಿಸಿಕೊಂಡು, ನಿಧಾನವಾಗಿ, ಹೊಟ್ಟೆ ತುಂಬ ಉಂಡಳು.