ವಾರ್ತೆಯಮ್ಮನ ಕೈತೋಟ

ಬಸ್ಸಿನ ಸ್ಟೀರಿಂಗು ಬಿಟ್ಟ ಮೇಲೆ ಡ್ರೈವರಣ್ಣನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಜೀವಮಾನವೆಲ್ಲ ಬೆಳಗಿನ ಮೊದಲ ಬಸ್ಸು ಹೊರಡಿಸಿದವನು. ನಿವೃತ್ತಿಯಾದ ಮೇಲೂ ಬೆಳಕು ಹರಿಯುವ ಮುಂಚೆ ಎಚ್ಚರವಾಗಿಬಿಡುತ್ತಿತ್ತು. ಎದ್ದು ಮುಖ ತೊಳೆದು, ಅಂಗಿ ತೊಟ್ಟು, ಬಾಗಿಲ ತನಕ ಬರುತ್ತಿದ್ದ. ಹೋಗುವುದಾದರೂ ಎಲ್ಲಿಗೆ ಎಂಬುದು ಆಗ ನೆನಪಾಗಿ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದ.

"ಏನ್ರೀ, ಗಾಡಿ ಇನ್ನೂ ಸ್ಟಾರ್ಟ್ ಆಗ್ಲಿಲ್ವಾ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳುವಳು.

ಮೆಟ್ಟಿಲ ಮೇಲೆ ಕೂತರೆ ಮೋಟುಗೋಡೆಯಾಚೆ ಪಕ್ಕದ ಮನೆಯ ಕೈತೋಟ ಕಾಣುತ್ತಿತ್ತು. ಆ ಮನೆಯವರು ರೇಡಿಯೊದಲ್ಲಿ ವಾರ್ತೆ ಓದುತ್ತಿದ್ದವರು. ಅವರ ಹೆಸರು ಬೀದಿಯವರಿಗೆ ಮರೆತೇ ಹೋಗಿತ್ತು. ಎಲ್ಲರ ಬಾಯಲ್ಲೂ ಅವರು ವಾರ್ತೆಯಮ್ಮ. ಡ್ರೈವರಣ್ಣನಿಗೆ ಅವರ ಮುಖಕ್ಕಿಂತ ಮೊದಲು ಪರಿಚಯವಾದದ್ದು ಅವರ ದನಿ. ಬಸ್ಸಿನ ರೇಡಿಯೊದಲ್ಲಿ ಆ ದನಿ ಬಂತೆಂದರೆ ಹಿಂದಿನ ಸೀಟಿನಲ್ಲಿ ಜಗಳವಾಡುತ್ತಿದ್ದವರೂ ತೆಪ್ಪಗಾಗುತ್ತಿದ್ದರು. ಬಾವಿಯಿಂದ ಆಗತಾನೆ ಸೇದಿದ ನೀರಿನಂಥ ದನಿ. ನಿವೃತ್ತರಾದ ಮೇಲೆ ಅವರು ಅದೇ ದನಿಯಲ್ಲಿ ಗಿಡಗಳನ್ನು ಗದರಿಸುತ್ತಿದ್ದರು. "ನಿನ್ನೆ ಹೂ ಬಿಡ್ತೀನಿ ಅಂದಿದ್ದೆ, ಇವತ್ತು ಮೊಗ್ಗನ್ನೇ ಉದುರಿಸ್ಕೊಂಡು ನಿಂತಿದೀಯಲ್ಲ!"

ಹಾಗೆಂದು ಇಬ್ಬರ ನಡುವೆ ಹೆಚ್ಚು ಮಾತೇನೂ ಇರಲಿಲ್ಲ. ಕಂಡಾಗ ನಮಸ್ಕಾರ, ಅಷ್ಟೆ.

ಒಂದು ಮಧ್ಯಾಹ್ನ ವಾರ್ತೆಯಮ್ಮ ಟೊಮೆಟೊ ಗಿಡಕ್ಕೆ ಕಡ್ಡಿ ಊರುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ನೋಡಿದವಳು ಡ್ರೈವರಣ್ಣನ ಹೆಂಡತಿ. ಆಂಬುಲೆನ್ಸಿಗೆ ಕಾಯದೆ, ಪಕ್ಕದ ಬೀದಿಯ ಟೆಂಪೊ ಹಿಡಿದು, ಡ್ರೈವರಣ್ಣ ತಾನೇ ಓಡಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ. ಜೀವ ಉಳಿಯಿತು. ಬಲಗೈ ಸೋತಿತು. ಮಾತು ಮಾತ್ರ ಏನಾಯಿತೆಂದು ವಾರ್ತೆಯಮ್ಮ ಮನೆಗೆ ಮರಳಿದ ಮೇಲೆಯೇ ಬೀದಿಗೆ ಗೊತ್ತಾದದ್ದು.

ನೋಡಿಕೊಳ್ಳಲು ತಂಗಿಯ ಮಗಳು ಬಂದಿದ್ದಳು. ಕಣ್ಣಾಸ್ಪತ್ರೆಯಲ್ಲಿ ಕೆಲಸ, ಚುರುಕು ಹುಡುಗಿ. ಮೊದಲ ದಿನ ಬೆಳಗ್ಗೆ ಅವಳ ತೋಳು ಹಿಡಿದು ವಾರ್ತೆಯಮ್ಮ ಹೊರಗೆ ಬಂದರು. ಗೋಡೆಯಾಚೆಯಿಂದ ಗಂಡ ಹೆಂಡತಿ ಇಬ್ಬರೂ ನಕ್ಕು ನಮಸ್ಕಾರ ಮಾಡಿದರು. ವಾರ್ತೆಯಮ್ಮ ತಮ್ಮ ಗುಲಾಬಿ ಗಿಡ ಮುಟ್ಟಿ, ತುಂಬಾ ಸಂತೋಷದಿಂದ, ಸ್ಪಷ್ಟವಾಗಿ ಅಂದರು: "ಕುರ್ಚಿ."

ಅಂದ ಮರುಕ್ಷಣ ತಾವು ಅಂದದ್ದು ಅವರ ಕಿವಿಗೇ ಬಿತ್ತು. ತಿದ್ದಿಕೊಳ್ಳಲು ಬಾಯಿ ತೆರೆದರು. "ಕು... ಕುರ್..." ಮತ್ತೆ ಅದೇ. ಡ್ರೈವರಣ್ಣ ಆ ಮುಖ ನೋಡಲಾರದೆ ತನ್ನ ಚಪ್ಪಲಿ ನೋಡಿಕೊಂಡ. ವಾರ್ತೆಯಮ್ಮ ತಿರುಗಿ ಒಳಗೆ ಹೋದರು. ಬಾಗಿಲು ಮುಚ್ಚಿತು.

ಆಮೇಲೆ ಅದು ತೆರೆಯಲೇ ಇಲ್ಲ. ನೆತ್ತಿ ಸುಡುವ ಬಿಸಿಲಿನ ಕಾಲ ಬೇರೆ. ಟೊಮೆಟೊ ಎಲೆ ಸುರುಟಿಕೊಂಡವು, ಬದನೆ ತಲೆ ತಗ್ಗಿಸಿತು. ಕೆಟ್ಟು ನಿಂತ ಬಸ್ಸನ್ನು ದಾಟಿ ಹೋಗುವುದು ಡ್ರೈವರಣ್ಣನಿಗೆ ಯಾವತ್ತೂ ಆಗುತ್ತಿರಲಿಲ್ಲ. ಇದೂ ಹಾಗೇ ಆಯಿತು. ಒಂದು ಬೆಳಗ್ಗೆ ತಮ್ಮ ಮನೆಯ ನಲ್ಲಿಗೆ ಪೈಪು ಸಿಕ್ಕಿಸಿ ಗೋಡೆ ಹಾರಿದ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ನೋಡೋಣ" ಎಂದಳು ಹೆಂಡತಿ.

ಬಗ್ಗುವುದೇನೋ ಬಗ್ಗಿದ, ಗಿಡ ಯಾವುದು ಕಳೆ ಯಾವುದು ಅವನಿಗೆ ಗೊತ್ತಿರಲಿಲ್ಲ. ನೆರಳಿದ್ದ ಮೂಲೆಯ ಮಡಿಯಲ್ಲಿ ಹಸಿರಾಗಿ ಏನೋ ಪುಡಿಪುಡಿ ಎದ್ದಿತ್ತು. ಹುಲ್ಲೆಂದುಕೊಂಡು ಕೂತು ಕೀಳತೊಡಗಿದ. ಹಿಡಿ ತುಂಬ ಕಿತ್ತಿದ್ದನೋ ಇಲ್ಲವೋ, ದಢಾರನೆ ಬಾಗಿಲು ತೆರೆಯಿತು. ವಾರ್ತೆಯಮ್ಮ ಕೂದಲು ಕೂಡ ಬಾಚದೆ, ಒಂದು ಕಾಲೆಳೆಯುತ್ತ, ಎಡಗೈ ಬೀಸುತ್ತ ಬಂದರು. "ಚಮಚ! ಚಮಚ! ಅಯ್ಯೋ, ಚಮಚ!"

ಡ್ರೈವರಣ್ಣ ಕೈಯನ್ನು ಮೂಗಿನ ಹತ್ತಿರ ಒಯ್ದ. ಕೊತ್ತಂಬರಿ ಘಮ್ಮೆಂದಿತು.

ಅವನು ಆಗ ಏನು ಬೇಕಾದರೂ ಅನ್ನಬಹುದಿತ್ತು. ಅಯ್ಯೋ ಪಾಪ ಅನ್ನಬಹುದಿತ್ತು, ಚಮಚ ಅಲ್ಲಮ್ಮ ಎಂದು ತಿದ್ದಬಹುದಿತ್ತು. ಅವನ ಬಾಯಿಂದ ಬಂದದ್ದು ಇದು: "ತಪ್ಪಾಯ್ತಮ್ಮ. ಚಮಚ ಅಂತ ಗೊತ್ತಾಗ್ಲಿಲ್ಲ. ಇನ್ನು ಮುಟ್ಟಲ್ಲ."

ವಾರ್ತೆಯಮ್ಮ ಅವನನ್ನೇ ದಿಟ್ಟಿಸಿದರು. ಅಣಕಿಸುತ್ತಿದ್ದಾನೋ ಎಂದು ಹುಡುಕಿದರು. ಮಣ್ಣು ಮೆತ್ತಿದ ಮೊಣಕಾಲು, ಮುಷ್ಟಿ ತುಂಬ ಕೊತ್ತಂಬರಿ, ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖ. ಅಣಕ ಎಲ್ಲೂ ಇರಲಿಲ್ಲ. ಅವರಿಗೆ ನಗು ಬಂತು. ನಗು ಒಂದಿಷ್ಟೂ ಕೆಟ್ಟಿರಲಿಲ್ಲ, ಅದೇ ಹಳೆಯ ಸೇದಿದ ನೀರು.

ಅಲ್ಲಿಂದ ಶುರು. ಬೆಳಗ್ಗೆ ಡ್ರೈವರಣ್ಣ ಗೋಡೆ ಹಾರುವುದು, ವಾರ್ತೆಯಮ್ಮ ಎಡಗೈಯಲ್ಲಿ ಕುಡುಗೋಲು ಹಿಡಿದು ತೋರಿಸುವುದು, ಅವನು ಅಗೆಯುವುದು. ಗೋಡೆ ಹಾರಿ ಹಾರಿ ಮಂಡಿ ಹಿಡಿದಾಗ ಹೆಂಡತಿ ಆಚೆ ಈಚೆ ಒಂದೊಂದು ಕಲ್ಲುಚಪ್ಪಡಿ ಇಟ್ಟುಕೊಟ್ಟಳು. ಮರುದಿನದಿಂದ ಅವಳೂ ಅದೇ ದಾರಿಯಲ್ಲಿ ಬರತೊಡಗಿದಳು. ಎದುರು ಮನೆಯ ಗಡಿಯಾರದಜ್ಜನೂ ಸೇರಿಕೊಂಡ. ಗಡಿಯಾರ ರಿಪೇರಿ ಮಾಡಿ ಮಾಡಿ ಬೆನ್ನು ಗೂನಾಗಿದ್ದ ಅಜ್ಜನಿಗೆ ಕಿವಿ ಪೂರ್ತಿ ಮಂದ. ಆದರೆ ಬೆರಳು ಸೂಕ್ಷ್ಮ. ಎಳೆಸಸಿಗಳನ್ನು ಬೇರು ನಲುಗದಂತೆ ಬಿಡಿಸಿ ನೆಡುವುದು ಅವನ ಪಾಲಿನ ಕೆಲಸ.

"ಅಕ್ಕನಿಗೆ ಹೇಳೋಕ್ಕಾಗಲ್ಲ, ಅಜ್ಜನಿಗೆ ಕೇಳ್ಸಲ್ಲ. ಜೋಡಿ ಅಂದ್ರೆ ಇದು! ನಿಮ್ಮಿಬ್ಬರಿಗೂ ಯಾವತ್ತೂ ಜಗಳ ಬರಲ್ಲ ಬಿಡಿ" ಎಂದಳು ಡ್ರೈವರಣ್ಣನ ಹೆಂಡತಿ.

"ಏನಂದ್ಲು?" ಎಂದ ಅಜ್ಜ.

ವಾರ್ತೆಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ತೋಟಕ್ಕೆ ಅದರದೇ ಭಾಷೆ ಬಂತು. ಗುಲಾಬಿ ಕುರ್ಚಿಯಾಯಿತು, ಕೊತ್ತಂಬರಿ ಚಮಚವಾಯಿತು, ಬದನೆಕಾಯಿ ಛತ್ರಿ. ಡ್ರೈವರಣ್ಣ ಯಾಕೋ ಏನೋ ಕಿಟಕಿ. "ಏನ್ರೀ ಕಿಟಕಿ, ಅಡುಗೆಗೆ ನಾಲ್ಕು ಛತ್ರಿ ಕಿತ್ಕೊಂಡ್ಬನ್ನಿ" ಎಂದು ಹೆಂಡತಿ ಗೋಡೆಯಾಚೆಯಿಂದ ಕೂಗಿದರೆ ದಾರಿಹೋಕರು ತಿರುಗಿ ನೋಡುತ್ತಿದ್ದರು.

ತಂಗಿಯ ಮಗಳಿಗೆ ಇದು ಹಿಡಿಸಲಿಲ್ಲ. ಒಂದು ದಿನ ಡ್ರೈವರಣ್ಣನನ್ನು ಪಕ್ಕಕ್ಕೆ ಕರೆದಳು. "ಅಂಕಲ್, ತಪ್ಪು ತಿಳ್ಕೋಬೇಡಿ. ನೀವೆಲ್ಲ ತಪ್ಪು ಮಾತನ್ನೇ ಒಪ್ಕೊಂಡು ಕೂತ್ರೆ ದೊಡ್ಡಮ್ಮ ಸರಿ ಮಾತು ಕಲಿಯೋದು ಯಾವಾಗ? ಮಾತು ಕಲಿಸೋ ಡಾಕ್ಟರು ಅಭ್ಯಾಸ ಮಾಡಿಸಿ ಅಂತಾರೆ. ನೀವು ನೋಡಿದ್ರೆ ಆಟ ಆಡ್ತಿದೀರಿ."

ಅವಳು ಅಂದದ್ದರಲ್ಲಿ ನ್ಯಾಯವಿತ್ತು. ಡ್ರೈವರಣ್ಣನಿಗೆ ರಾತ್ರಿಯ ಊಟ ರುಚಿಸಲಿಲ್ಲ. ಮರುದಿನ ವಾರ್ತೆಯಮ್ಮ ಚಮಚ ಎಂದು ತೋರಿಸಿದಾಗ, ಹೇಗೋ ಧೈರ್ಯ ಮಾಡಿ, "ಕೊತ್ತಂಬರಿ ಅನ್ನಿ ಅಮ್ಮ. ಕೊತ್... ತಂ... ಬರಿ" ಎಂದ, ಮಗುವಿಗೆ ಹೇಳಿಕೊಡುವ ಹಾಗೆ.

ವಾರ್ತೆಯಮ್ಮನ ಮುಖ ಕೆಂಪಾಯಿತು. ಕುಡುಗೋಲು ನೆಲಕ್ಕೆ ಹಾಕಿ ಒಳಗೆ ನಡೆದರು. ಡ್ರೈವರಣ್ಣ ಬಿದ್ದ ಕುಡುಗೋಲು ಎತ್ತಿಕೊಂಡ. ಮುಗಿಯಿತು, ಆ ಬಾಗಿಲನ್ನು ಮತ್ತೆ ನಾನೇ ಮುಚ್ಚಿಸಿದೆ ಎಂದುಕೊಂಡ.

ಆದರೆ ಅವರು ಮುನಿಸಿಕೊಂಡು ಕೂರುವ ಪೈಕಿಯಲ್ಲ. ನೀರು ಕುಡಿದು, ಸೆರಗು ಬಿಗಿದುಕೊಂಡು ಹೊರಗೆ ಬಂದರು. ಡ್ರೈವರಣ್ಣನ ತೋಳು ಹಿಡಿದು ಗುಲಾಬಿ ಗಿಡದೆದುರು ನಿಲ್ಲಿಸಿದರು. ತಮ್ಮ ತುಟಿಯ ಮೇಲಲ್ಲ, ಅವನ ತುಟಿಯ ಮೇಲೆ ಬೆರಳಿಟ್ಟರು. ನೀನು ಬಾಯಿ ಮುಚ್ಚು ಎಂಬ ಆಜ್ಞೆ ಅದು. ಆಮೇಲೆ ಗಿಡವನ್ನು ನೋಡುತ್ತ ಸುಮ್ಮನೆ ನಿಂತರು.

ಡ್ರೈವರಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ನಿಧಾನಕ್ಕೆ ತಿಳಿಯಿತು. ಕಾಡುದಾರಿಯ ಸ್ಟಾಪುಗಳಲ್ಲಿ ಕೆಲವರು ಹೀಗೇ ನಿಂತಿರುತ್ತಿದ್ದರು. ಬಸ್ಸು ಬರುತ್ತದೋ ಇಲ್ಲವೋ ಗೊತ್ತಿಲ್ಲ, ಕೈ ಅಡ್ಡ ಹಾಕಲು ಎದುರಿಗೆ ಏನೂ ಇಲ್ಲ. ದಾರಿಯ ಕಡೆ ಮುಖ ಮಾಡಿ ನಿಲ್ಲುವುದೊಂದೇ. ವಾರ್ತೆಯಮ್ಮ ಪದಕ್ಕೆ ಕಾಯುತ್ತಿದ್ದರು. ಅದು ತಾನಾಗಿ ಬರಬೇಕು, ಇನ್ನೊಬ್ಬರು ತಂದುಕೊಡಬಾರದು.

ಅವತ್ತು ಗುಲಾಬಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಆದರೂ ಅವರು ಒಂದೊಂದು ಗಿಡದ ಮುಂದೆಯೂ ನಿಂತರು. ಬಿಸಿಲೇರಿದರೆ ಡ್ರೈವರಣ್ಣ ಹಿಂದಿನಿಂದ ಕೊಡೆ ಹಿಡಿದ. ಪದ ಅವನ ನಾಲಿಗೆ ತುದಿಯಲ್ಲಿ ಕುಣಿಯುತ್ತಿದ್ದರೂ ಹಲ್ಲು ಕಚ್ಚಿಕೊಂಡ. ಎಷ್ಟೋ ಘಾಟಿ ಇಳಿಸಿದವನಿಗೆ ಇದರಷ್ಟು ಕಷ್ಟದ ಕೆಲಸ ಕಂಡ ನೆನಪಿರಲಿಲ್ಲ. ಎಲ್ಲರೆದುರು ತಪ್ಪಾಡಲು ಹೇಸದೆ, ಪ್ರತಿದಿನ ಸೋತು, ಪ್ರತಿದಿನ ಸೆರಗು ಬಿಗಿದು ಬರುವ ಈ ಹೆಂಗಸಿನ ಎದೆಗಾರಿಕೆ ಎಂಥದು! ಲಕ್ಷ ಜನ ಕೇಳುವಾಗ ವಾರ್ತೆ ಓದಿದ್ದು ದೊಡ್ಡದಲ್ಲ, ಇದು ದೊಡ್ಡದು ಎಂದು ಅವನಿಗೆ ಅನಿಸಿತು. ಹೆಂಡತಿಯ ಹತ್ತಿರ ಹಾಗೇ ಹೇಳಿದ. "ನಿಮಗೆ ಈಗ ಗೊತ್ತಾಯ್ತಾ?" ಎಂದಳು ಅವಳು.

ಮೊದಲು ಬಂದದ್ದು ಬದನೆ. ಬಂದ ರಭಸಕ್ಕೆ ವಾರ್ತೆಯಮ್ಮನೇ ಬೆಚ್ಚಿದರು. "ಬದನೆ!" ಎಂದು ಕೂಗಿದರು. ಅಜ್ಜ ಬಿಟ್ಟು ಎಲ್ಲರಿಗೂ ಕೇಳಿಸಿತು. ಆಮೇಲೆ ಚೆಂಡುಹೂವು ಬಂತು, ಪುದೀನ ಬಂತು, ಬಂದ ಪುದೀನ ಎರಡು ದಿನ ಮತ್ತೆ ಕಾಣೆಯಾಯಿತು. ಗುಲಾಬಿ ಮಾತ್ರ ಕುರ್ಚಿ ಬಿಟ್ಟು ಏಳಲೊಲ್ಲದು.

ಅಷ್ಟರಲ್ಲಿ ಮಲ್ಲಿಗೆ ಬಳ್ಳಿಯಲ್ಲಿ ಪಿಕಳಾರ ಹಕ್ಕಿ ಗೂಡು ಕಟ್ಟಿತು. ತಲೆಯ ಮೇಲೆ ಕರಿಜುಟ್ಟು, ಬಾಲದ ಬುಡ ಕೆಂಪು. ಅದು ಮೊಟ್ಟೆಯಿಟ್ಟ ದಿನದಿಂದ ಬಳ್ಳಿಯ ಹತ್ತಿರ ಪೈಪು ಎಳೆಯಲು ವಾರ್ತೆಯಮ್ಮ ಬಿಡಲಿಲ್ಲ, ಚೊಂಬಿನಲ್ಲಿ ನೀರು. ಮರಿಗಳಾದ ಮೇಲೆ ತಂಗಿಯ ಮಗಳು ಕೂಡ ಕೆಲಸಕ್ಕೆ ಹೊರಡುವ ಮುನ್ನ ಬಗ್ಗಿ ನೋಡಿ ಹೋಗುತ್ತಿದ್ದಳು.

ಒಂದು ಬೆಳಗ್ಗೆ ಡ್ರೈವರಣ್ಣ ಗೊಬ್ಬರದ ಬುಟ್ಟಿಯನ್ನು ಎರಡು ಕೈಯಲ್ಲಿ ಎಳೆಯುತ್ತ ಹಿಂದು ಹಿಂದಕ್ಕೆ ಬರುತ್ತಿದ್ದ. ಹಕ್ಕಿಗಳ ಚೀರಾಟ ಜೋರಾಗಿತ್ತು, ಅವನು ಲಕ್ಷ್ಯ ಕೊಡಲಿಲ್ಲ. ಹಿಮ್ಮಡಿ ಎತ್ತಿದ್ದನಷ್ಟೆ.

"ನಿಲ್ಲಿ! ಕಾಲಿಡಬೇಡಿ, ಹಿಂದೆ ಮರಿ ಇದೆ!"

ಜೀವಮಾನವೆಲ್ಲ ಕಂಡಕ್ಟರನ ಶಿಳ್ಳೆಗೆ ಗಾಡಿ ನಿಲ್ಲಿಸಿದ ಕಾಲು. ಎತ್ತಿದ್ದು ಎತ್ತಿದಲ್ಲೇ ನಿಂತಿತು. ಮೆಲ್ಲಗೆ ತಿರುಗಿ ನೋಡಿದರೆ ಹಿಮ್ಮಡಿಯ ಕೆಳಗೆ, ಗೂಡಿನಿಂದ ಹಾರಲು ಹೋಗಿ ಬಿದ್ದ ಮರಿ, ಬಾಯಿ ತೆರೆದು ಕೂತಿತ್ತು. ಅಜ್ಜ ಬಂದು ಅದನ್ನು ಗಡಿಯಾರದ ಚಕ್ರ ಎತ್ತುವ ಹಾಗೆ ಎತ್ತಿ ಬಳ್ಳಿಯ ಕೊಂಬೆಯ ಮೇಲೆ ಕೂರಿಸಿದ. ಆಮೇಲೆ ಎಲ್ಲರಿಗೂ ಹೊಳೆಯಿತು, ಕೂಗಿದ್ದು ಯಾರೆಂದು. ಒಂದು ಪದವೂ ತಪ್ಪಿರಲಿಲ್ಲ. ಅದೇ ದನಿ, ಅದೇ ಗತ್ತು.

ತಂಗಿಯ ಮಗಳು ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದಳು. "ದೊಡ್ಡಮ್ಮಾ..." ಎಂದಳು.

ವಾರ್ತೆಯಮ್ಮ ಇನ್ನೊಂದು ವಾಕ್ಯಕ್ಕೆ ಬಾಯಿ ತೆರೆದರು. ಅದು ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಪವಾಡ ಗಿವಾಡ ಏನೂ ನಡೆಯಲಿಲ್ಲ ಅನ್ನಿ. ಆದರೆ ಪೂರ್ತಿ ವಾಕ್ಯ ಒಳಗೆ ಇನ್ನೂ ಇದೆ, ಕಳೆದುಹೋಗಿಲ್ಲ ಎಂದು ಅವರಿಗೆ ಗೊತ್ತಾಯಿತು. ಅಷ್ಟು ಗೊತ್ತಾದವರು ಸುಮ್ಮನಿರುತ್ತಾರೆಯೇ? ಬಿಸಿಲುಗಾಲ ಹೋಗಿ ಮಳೆ ಹಿಡಿಯುವ ಹೊತ್ತಿಗೆ ಚಿಕ್ಕ ಚಿಕ್ಕ ಮಾತು ಜೋಡಿಸುತ್ತಿದ್ದರು. ಗುಲಾಬಿಯೂ ಬಂತು. ಅವತ್ತು ಸಂಜೆ ತಂಗಿಯ ಮಗಳು ಗೋಡೆಯ ಹತ್ತಿರ ಬಂದು, "ಅಂಕಲ್, ಅವತ್ತು ನಾನು ಒರಟಾಗಿ ಮಾತಾಡಿಬಿಟ್ಟೆ" ಎಂದಳು.

"ಇಲ್ಲಮ್ಮ, ನೀನಂದಿದ್ದೂ ಸರಿ. ನಾವು ಒಪ್ಕೊಂಡಿದ್ದೂ ಸರಿ. ಆದ್ರೆ ಗಾಡಿ ಓಡಿಸಿದ್ದು ನಾವಿಬ್ರೂ ಅಲ್ಲ, ನಿಮ್ಮ ದೊಡ್ಡಮ್ಮ" ಎಂದ ಡ್ರೈವರಣ್ಣ.

ಈಗ ಅವನ ಹೆಂಡತಿಗೆ ತೋಟದ ಹುಚ್ಚು ಹಿಡಿಯಿತು. ಮುಂದೆ ಯಾವತ್ತಾದರೂ ಕಾರು ತಗೊಂಡರೆ ನಿಲ್ಲಿಸಲು ಬೇಕೆಂದು ತಮ್ಮ ಅಂಗಳಕ್ಕೆ ತಾನೇ ಹಟ ಮಾಡಿ ಸಿಮೆಂಟು ಹಾಕಿಸಿದ್ದವಳು, ಹಾರೆ ತಂದು ತಾನೇ ಮೊದಲ ಏಟು ಹಾಕಿದಳು. "ಬರದೇ ಇರೋ ಕಾರಿಗೆ ಇಷ್ಟು ಜಾಗ ಯಾಕ್ರೀ?" ಡ್ರೈವರಣ್ಣ ಒಡೆದ, ಅಜ್ಜ ಚೂರು ಆಯ್ದ, ವಾರ್ತೆಯಮ್ಮ ಗೋಡೆಯ ಚಪ್ಪಡಿ ದಾಟಿ ಬಂದು ಸ್ಟೂಲಿನ ಮೇಲೆ ಕೂತು, "ಆಳ... ಇನ್ನೂ ಆಳ" ಎಂದು ಗದರಿಸಿದರು. ಸಿಮೆಂಟಿನಡಿಯ ಮಣ್ಣು ಇಷ್ಟು ವರ್ಷವಾದರೂ ತಂಪಾಗಿತ್ತು.

ಅಂಗಡಿಯ ಕಾಗದದ ಪೊಟ್ಟಣದಲ್ಲಿ ಬಂದ ಬೀಜಗಳನ್ನೆಲ್ಲ ಹೆಂಡತಿ ಒಟ್ಟಿಗೆ ಎರಚಿದ್ದಳು. ಬೀನ್ಸ್ ಬಂತು, ಸೊಪ್ಪು ಬಂತು. ನಡುವೆ ಒಂದು ಮಾತ್ರ ಯಾರೂ ಕಂಡಿರದ ಸಸಿ ಎದ್ದಿತು. ಎಲೆಯಂಚು ನೇರಳೆ, ಕಾಂಡದ ತುಂಬ ಬೆಳ್ಳಿ ರೋಮ. ಡ್ರೈವರಣ್ಣ ಕೂತು ನೋಡಿದ. ಅಜ್ಜ ಭೂತಗನ್ನಡಿ ಕಣ್ಣಿಗೇರಿಸಿ ನೋಡಿದ. ಎಲ್ಲರೂ ವಾರ್ತೆಯಮ್ಮನ ಕಡೆ ತಿರುಗಿದರು.

ಅವರು ಎಲೆ ಸವರಿದರು, ಉಜ್ಜಿ ಮೂಸಿದರು, ಬಹಳ ಹೊತ್ತು ನಿಂತರು. ಡ್ರೈವರಣ್ಣ ರೂಢಿಯಂತೆ ಬಾಯಿ ಬಿಗಿದುಕೊಂಡು ಕಾದ. ಪದ ಸಿಗದೆ ನೊಂದುಕೊಳ್ಳುತ್ತಾರೋ ಎಂದು ಒಳಗೊಳಗೇ ಅಳುಕು.

ವಾರ್ತೆಯಮ್ಮ ತಲೆಯೆತ್ತಿದರು. ಮುಖ ಅರಳಿತ್ತು.

"ಮರೆತಿಲ್ಲ" ಎಂದರು, ಒಂದೊಂದೇ ಪದ ಇಟ್ಟು. "ಇದು... ನನಗೆ... ಗೊತ್ತೇ ಇಲ್ಲ!"

"ನಮಗೂ ಗೊತ್ತಿಲ್ಲ ಅಕ್ಕ" ಎಂದಳು ಡ್ರೈವರಣ್ಣನ ಹೆಂಡತಿ.

"ಏನಂತೆ?" ಎಂದ ಅಜ್ಜ.

"ಯಾರಿಗೂ ಗೊತ್ತಿಲ್ವಂತೆ!" ಎಂದು ಡ್ರೈವರಣ್ಣ ಅವನ ಕಿವಿಯಲ್ಲಿ ಕೂಗಿದ. ಕೂಗಿ, ಸಸಿಗೆ ಆಸರೆಯಾಗಿ ಊರಲು ಒಂದು ಕಡ್ಡಿ ಹುಡುಕಲು ಹೋದ.