ಬೇವಿನಗಡ್ಡಿಯ ಹಸಿರು ಸೀರೆ

"ಹಸಿರು ಸೀರಿರಿ ಸರ್! ನಿಮ್ಮ ಮನಿ ಮ್ಯಾಗ ಹಸಿರು ಸೀರಿ ಕಟ್ಯಾರ!"

ದೋಣಿ ನಡೆಸುವ ಗಯಾಸ ಹೀಗೆ ಕೂಗಿದಾಗ ದಂಡೆಯ ಮಂದಿಯೆಲ್ಲ ಲಕ್ಷ್ಮಿಕಾಂತನ ಕಡೆ ತಿರುಗಿದರು. ನಾರಾಯಣಪುರದ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಕೃಷ್ಣೆ ದಡ ಮೀರಿ ಹರಿಯುತ್ತಿದ್ದಳು. ನಡುವೆ ಬೇವಿನಗಡ್ಡಿ ಎಂಬ ನಡುಗಡ್ಡೆ, ಅದರ ಏರಿನ ಮೇಲೆ ಲಕ್ಷ್ಮಿಕಾಂತ ಹುಟ್ಟಿದ ಮನೆ. ಈಗ ಅಲ್ಲಿರುವವರು ಅಣ್ಣ ಮರಿಲಿಂಗ, ಅತ್ತಿಗೆ ತಿಮ್ಮವ್ವ ಇಬ್ಬರೇ. ಕುರಿ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದು ಕೂತ ಜೋಡಿ. ಕರೆಂಟು ಹೋಗಿ ಅವರ ಫೋನೂ ಸತ್ತಿದ್ದರಿಂದ ತಮ್ಮ ದಂಡೆಗೆ ಬಂದು ನಿಂತಿದ್ದ.

ಲಕ್ಷ್ಮಿಕಾಂತ ಶಹಾಪುರದಲ್ಲಿ ಕೂತು ಗೂಢಚಾರರ ಕಾದಂಬರಿ ಬರೆಯುವವನು. ಮಾಸ್ಕೋ, ಕರಾಚಿ ಎಂದೆಲ್ಲ ಬರೆದರೂ ಆಸಾಮಿ ಹೈದರಾಬಾದು ದಾಟಿದವನಲ್ಲ. ಅವನ ಶತ್ರುದೇಶಗಳೆಲ್ಲ ಈ ಗಡ್ಡಿಯೇ: ಸುತ್ತ ನೀರು, ಪಾರಾಗಲು ಒಂದೇ ದಾರಿ, ಹೊಸಬರನ್ನು ಗುಮಾನಿಯಿಂದ ನೋಡುವ ಕಣ್ಣುಗಳು. ಅವನ ಗೂಢಚಾರರು ವೈರ್‌ಲೆಸ್ಸು ಬಿಟ್ಟು ಮಾಳಿಗೆಯ ಮೇಲೆ ಸೀರೆ ಕಟ್ಟಿ ಸುದ್ದಿ ಕಳಿಸುತ್ತಿದ್ದರು. ಹೊಳೆ ತುಂಬಿದಾಗ ಗಡ್ಡಿಯ ಅವನ ಮನೆಯವರು ದಂಡೆಯಲ್ಲಿದ್ದ ತಮ್ಮವರಿಗೆ ಸುದ್ದಿ ಮುಟ್ಟಿಸುತ್ತಿದ್ದುದೂ ಹಾಗೆಯೇ. ಹಸಿರು ಸೀರೆಯೆಂದರೆ ಎಲ್ಲ ಕ್ಷೇಮ, ಬರಬೇಡಿ ಎಂಬುದು ಅವನ ಓದುಗರಿಗೆ ಬಾಯಿಪಾಠ. ಈ ದಂಡೆಯಲ್ಲಂತೂ ಅವನ ಪುಸ್ತಕವಿಲ್ಲದ ಮನೆಯಿರಲಿಲ್ಲ.

"ದೋಣಿ ಒಂದೇ ಅದರಿ," ಎಂದ ಗಯಾಸ. "ಕೆಳಗ ತೋಟದ ಮನಿ ಮಾಳಗಿ ಮ್ಯಾಗ ಬಾಣಂತಿ ಕೂಸು ಹಿಡಕೊಂಡು ಕುಂತಾಳ. ಇನ್ನೊಂದು ತಾಸಿಗಿ ಮತ್ತ ನೀರು ಬಿಡ್ತಾರ, ಆಮ್ಯಾಗ ನಾಳಿ ತನಕ ದೋಣಿ ಇಳಿಯಂಗಿಲ್ಲ. ಒಂದ ಕಡಿ ಹೋಗಬೌದು. ನಿಮ್ಮ ಅಣ್ಣಾರ ಕಡಿ ಹೋಗ್ಲೇನ್ರಿ?"

"ಹಸಿರಂದ್ರ ಸುರಳೀತ ಅದಾರ," ಎಂದ ಲಕ್ಷ್ಮಿಕಾಂತ. "ನೀ ಬಾಣಂತಿ ಕಡಿ ಹೋಗು."

ತಾನು ಕಟ್ಟಿದ ಕಥೆ ಒಂದು ಕೂಸಿನ ಜೀವಕ್ಕೆ ಒದಗಿತಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಗಯಾಸನ ದೋಣಿ ಸೆಳವಿನ ಜೊತೆ ಕೆಳಗೆ ಸಾಗಿತು.

ದಂಡೆಯಲ್ಲಿ ಅವನ ಪಕ್ಕ ನಿಂತಿದ್ದ ದೇವಕಮ್ಮ ಅವನ ಪುಸ್ತಕಗಳನ್ನು ಒಂದೂ ಬಿಡದೆ ಓದಿದವಳು. "ಈ ಗುರುತು ನಿಮಗ ಯಾರು ಕಲಿಸಿದ್ರಿ?" ಎಂದು ಕೇಳಿದಳು.

"ನಮ್ಮ ಅಣ್ಣ," ಎಂದ. ಎಂದವನು ತಟ್ಟನೆ ಮಾಳಿಗೆಯ ಸೀರೆಯ ಕಡೆ ತಿರುಗಿದ.

ಮೊದಲ ಕಾದಂಬರಿಗೆ ಕೈ ಹಚ್ಚಿದ ದಿನ ಅಣ್ಣ ಕುರಿಗೆ ಸೊಪ್ಪು ಹಾಕುತ್ತ ಹೇಳಿದ್ದ: "ಏನರೆ ಬರಕೋ ತಮ್ಮಾ. ನಮ್ಮ ಖರೇ ಗುರುತು ಮಾತ್ರ ಮಂದಿಗಿ ಹೇಳಬ್ಯಾಡ. ಉಲ್ಟಾ ಮಾಡಿ ಬರಿ." ಅಣ್ಣನ ಮಾತು ಮೀರದ ತಮ್ಮ ಉಲ್ಟಾ ಮಾಡಿಯೇ ಬರೆದಿದ್ದ. ಬರೆದೂ ಬರೆದೂ ಆ ಸುಳ್ಳೇ ನಾಲಿಗೆಯ ತುದಿಗೆ ಬಂದು ಕೂತಿತ್ತು. ಗಡ್ಡಿಯ ಆ ಮನೆಯ ಮೇಲೆ ಖರೇ ಹಸಿರು ಸೀರೆ ಕಟ್ಟುತ್ತಿದ್ದುದು ಒಳಗೆ ಒಂದು ಜೀವ ಹೋಗುವಂತಾದಾಗ.

ಯಾರಿಗೂ ಏನೂ ಹೇಳದೆ ಅವನು ದಂಡೆಗುಂಟ ಓಡಿದ. "ಗಯಾಸಾ! ಹೊಳ್ಳಿ ಬಾರೋ! ಅಣ್ಣ ಸಾಯಾಕತ್ತಾನೋ!" ಹೊಳೆಯ ಮೊರೆತದಲ್ಲಿ ಅವನ ದನಿ ಅವನಿಗೇ ಕೇಳಿಸಲಿಲ್ಲ. ಜಾಲಿ ಮುಳ್ಳು ಧೋತರಕ್ಕೆ ಸಿಕ್ಕಿ ಕೆಸರಿನಲ್ಲಿ ಮುಗ್ಗರಿಸಿದ. ತಲೆ ಎತ್ತುವಷ್ಟರಲ್ಲಿ ದೋಣಿ ತಿರುವು ದಾಟಿತ್ತು.

ತಿರುಗಿ ನೋಡಿದ. ಗಡ್ಡಿಯ ಏರಿನಿಂದ ತಿಮ್ಮವ್ವ ಒಬ್ಬಳೇ ಓಡಿಬಂದು, ಮೊಣಕಾಲುದ್ದ ನೀರಿಗಿಳಿದು, ಎರಡೂ ಕೈ ಎತ್ತಿ ಬೀಸತೊಡಗಿದಳು. ಈಚೆ ದಂಡೆಯಲ್ಲಿ ದೇವಕಮ್ಮ ನಗುತ್ತ ಕೈ ಎತ್ತಿದಳು. ಅವಳನ್ನು ನೋಡಿ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಕೈ ಬೀಸಿದರು.