ಚಿಕ್ಕಮಾದಪ್ಪನ ಕಾಗದದ ಪಟ್ಟಿಗಳು

"ನಿಲ್ಸಿ ಬಾವ, ಆ ನೀರ ಅವ್ರ ಮೈಮೇಲೆ ಉಯ್ಯಬ್ಯಾಡಿ," ಎಂದು ಪುಟ್ಟಮಲ್ಲಮ್ಮ ಅಡ್ಡ ಬಂದಳು.

ದೊಡ್ಡಮಾದಪ್ಪನ ಕೈಯಲ್ಲಿದ್ದ ಕೊಡ ಅರ್ಧ ಬಾಗಿತ್ತು. ಅವನ ತಮ್ಮ, ಅವಳ ಗಂಡ ಚಿಕ್ಕಮಾದಪ್ಪನ ಹೆಣವನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಸತ್ತವರನ್ನು ಮೀಯಿಸಲು ಮನೆಯ ಹಿರಿಯನೇ ಬೀದಿ ಹಿಂದಿನ ಕೆರೆಯಿಂದ ನೀರು ತರುವುದು ಆ ಮನೆಯ ರೂಢಿ.

"ನಮ್ಮಪ್ಪನ್ಗೂ ಇದೇ ನೀರು ಉಯ್ದಿದ್ದು ಕಣವ್ವ. ಶಾಸ್ತ್ರ ಬುಡಕ್ಕಾದದಾ?"

"ಆಗ ಕೆರೆ ಕೆರೆ ಇದ್ದಂಗಿತ್ತು."

ಅವಳಿಗೆ ಜಗಳಕ್ಕೂ ತ್ರಾಣವಿರಲಿಲ್ಲ. ಗಂಡನನ್ನು ಕರೆದುಕೊಂಡು ಮೂರು ತಿಂಗಳು ಕಾಮಗೆರೆಯ ಆಸ್ಪತ್ರೆಗೆ ಅಲೆದು ಸೊಂಟ ಬಿದ್ದುಹೋಗಿತ್ತು.

"ಗುಂಡಿ ರೆಡಿ ಆಗ್ಯದೆ, ಬಿರ್ರನೆ ಮುಗಿಸ್ರಪ್ಪ," ಎಂದ ಪಕ್ಕದ ಮನೆಯ ರಾಜಣ್ಣ.

*

ಕೊಳ್ಳೇಗಾಲದ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ ಚಿಕ್ಕಮಾದಪ್ಪ ತಿಂಗಳಿಗೊಮ್ಮೆ ಕೆರೆಯ ನೀರು ತಂದು, ಕುದಿಸಿ ಬತ್ತಿಸಿ, ಉಳಿದ ರಸಕ್ಕೆ ಫಿಲ್ಟರ್ ಕಾಗದದ ಪಟ್ಟಿಯ ತುದಿ ಅದ್ದುತ್ತಿದ್ದ. ರೇಷ್ಮೆಗೆ ಬಣ್ಣ ಹಾಕುವ ಶೆಡ್ಡುಗಳು ಕೆರೆಗೆ ಬಿಟ್ಟದ್ದೆಲ್ಲ ಬೇರೆಬೇರೆಯಾಗಿ ಪಟ್ಟಿ ಏರುತ್ತಿತ್ತು: ಕೆಳಗೆ ನೀಲಿ, ನಡುವೆ ನೇರಳೆ, ಮೇಲೆ ಹಳದಿ. ತಾರೀಖು ಬರೆದು ಬಿಳಿ ಬಟ್ಟೆಗೆ ಅಂಟಿಸುವನು. ಹನ್ನೊಂದು ವರ್ಷದ ಪಟ್ಟಿಗಳನ್ನು ಕಾಲೇಜಿನ ಸಭಾಂಗಣದಲ್ಲಿ ತೂಗುಹಾಕಿದಾಗ ಜನ ಬಂದರು, ಮೆಚ್ಚಿದರು, ಸೆಲ್ಫಿ ತೆಗೆದುಕೊಂಡರು. ಇದು ಕೆರೆಯ ಕಾಯಿಲೆ ಎಂದು ಅವನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಅಣ್ಣನಂತೂ ಹಿಗ್ಗಿಹೋದ. ಅವನದೂ ಬಣ್ಣದ ಶೆಡ್ಡೇ.

"ಏನ್ ಬಾರ್ಡರ್ ಕಣ್ಲಾ ಇದು! ಸೀರೆಗೆ ಆಕುದ್ರೆ ಎಂಗ್ ಓಯ್ತದೆ ಗೊತ್ತಾ?"

ಹಾಕಿಸಿದ. ಸೀರೆ ಸರಸರ ಹೋಯಿತು. ಆ ಬಾರ್ಡರಿನ ನೂಲಿಗೆ ಬಣ್ಣ ಹಾಕಿದ ನೀರೂ ಕೆರೆಗೇ ಹೋಯಿತು.

ಮುಂದಿನ ತಿಂಗಳ ಪಟ್ಟಿ ನೋಡಿ ಚಿಕ್ಕಮಾದಪ್ಪ ಹೆಂಡತಿಗೆ, "ಸಾಕಾಯ್ತು ಕಣಮ್ಮಿ," ಎಂದಷ್ಟೇ ಹೇಳಿದ. ಅದರ ಮುಂದಿನ ತಿಂಗಳು ಮತ್ತೆ ಬಾಟಲಿ ಹಿಡಿದು ಹೊರಟ. ಅಂಥ ಮನುಷ್ಯ.

*

"ಒಂದು ಕೆಲ್ಸ ಮಾಡಿ ಬಾವ," ಎಂದಳು ಪುಟ್ಟಮಲ್ಲಮ್ಮ. "ನೀವು ಮೊದ್ಲು ಅದ್ರಲ್ಲಿ ಒಂದು ಬೊಗಸೆ ಕುಡೀರಿ. ಆಮ್ಯಾಕೆ ಉಯ್ರಿ. ನಾ ಬ್ಯಾಡ ಅನ್ನಕಿಲ್ಲ."

ದೊಡ್ಡಮಾದಪ್ಪ ಕೊಡ ಇಳಿಸಿ, ಬೊಗಸೆ ತುಂಬಿಕೊಂಡು ಬಾಯಿಯವರೆಗೂ ತಂದ. ನಾತಕ್ಕೆ ಮುಖ ತಾನಾಗಿಯೇ ಆಚೆ ತಿರುಗಿತು. ಬೆರಳ ಸಂದಿಯಿಂದ ನೀರೆಲ್ಲ ಸೋರಿಹೋಯಿತು.

"ನಲ್ಲಿ ನೀರು ತತ್ತಾ ರಾಜಣ್ಣ," ಎಂದ. ಅವನಿಗೆ ಅಳು ಬಂದಿತ್ತು. "ನನ್ ತಮ್ಮನ್ಗೆ."

ಕೆರೆಯಿಂದ ತಂದದ್ದನ್ನು ಚೆಲ್ಲಲು ಕೊಡ ಎತ್ತಿಕೊಂಡು ಚರಂಡಿಯ ಹತ್ತಿರ ಹೋದ. ಆ ಚರಂಡಿ ಸೇರುವುದೂ ಕೆರೆಯನ್ನೇ. ಹಿಂದಿರುಗಿ ಬಂದು ತೆಂಗಿನ ಬುಡಕ್ಕೆ ಸುರಿಯಲು ಬಗ್ಗಿದ, ಅಲ್ಲೂ ಮನಸ್ಸಾಗಲಿಲ್ಲ.

ರಾಜಣ್ಣ ತಂದ ನೀರಿನಲ್ಲಿ ತಮ್ಮನಿಗೆ ಸ್ನಾನವಾಗುತ್ತಿತ್ತು. ದೊಡ್ಡಮಾದಪ್ಪ ತುಂಬಿದ ಕೊಡ ಹೊತ್ತು ಅಂಗಳದ ತುಂಬ ತಿರುಗುತ್ತಲೇ ಇದ್ದ.